ಹಲಸಿನ ಪರಿಮಳ, ಐದು ಗ್ರಾಂ

ನಮ್ಮಲ್ಲಿ ವಿಮರ್ಶೆ ಎಂದರೆ ಕಾವ್ಯ, ಕಾದಂಬರಿ, ನಾಟಕ, ಹೆಚ್ಚೆಂದರೆ ಸಿನಿಮಾ. ಈಚೆಗೆ ಮಸಾಲೆದೋಸೆಗೂ ಫಿಲ್ಟರ್ ಕಾಫಿಗೂ ವಿಮರ್ಶಕರು ಹುಟ್ಟಿಕೊಂಡಿದ್ದಾರೆ. ಪೆಪ್ಪರಮಿಂಟಿಗೆ ಮಾತ್ರ ಯಾರೂ ಇಲ್ಲ. ಅದು ಮಕ್ಕಳದ್ದು, ಬಾಯಿಗೆ ಹಾಕಿದ ಎರಡು ನಿಮಿಷಕ್ಕೆ ಕರಗಿಹೋಗುವಂಥದ್ದು, ಅದರ ಬಗ್ಗೆ ಹೇಳುವುದೇನಿದೆ ಎಂಬ ಸಸಾರ. ಆದರೆ ಹಣ್ಣಿನ ಹೆಸರು ಹೊತ್ತ ಪ್ರತಿಯೊಂದು ಪೆಪ್ಪರಮಿಂಟೂ ಒಂದು ಹೇಳಿಕೆ ಕೊಡುತ್ತದೆ: ಈ ಹಣ್ಣೆಂದರೆ ಇದು, ಇಷ್ಟು. ಇನ್ನೊಬ್ಬರು ಕೊಟ್ಟ ಹೇಳಿಕೆಯನ್ನು ಕೈಗೆತ್ತಿಕೊಂಡು ಅದರಲ್ಲಿ ಏನಿದೆ, ಏನು ಬಿಟ್ಟುಹೋಗಿದೆ ಎಂದು ನೋಡುವುದು ನನ್ನ ಹೊಟ್ಟೆಪಾಡು. ಬಿ.ಕಾಂ. ಮಾಡಿ, ಸಿ.ಎ. ಮುಗಿಸಿ, ನ್ಯೂ ಜೆರ್ಸಿಗೆ ಬಂದು ಹದಿನೇಳು ವರ್ಷಗಳಿಂದ ಬೇರೆಯವರ ಲೆಕ್ಕ ನೋಡುತ್ತಿದ್ದೇನೆ. ಸಾಹಿತ್ಯ ಓದಿದವರ ಅರ್ಹತೆ ಈ ವಿಮರ್ಶೆಗೆ ಇಲ್ಲದಿದ್ದರೂ ಲೆಕ್ಕ ನೋಡಿದವರ ಅಭ್ಯಾಸ ಇದೆ ಎಂದುಕೊಂಡು ಓದಿ.

ವಿಮರ್ಶೆಗೆ ತೆಗೆದುಕೊಂಡಿರುವುದು ಹಲಸಿನ ಹಣ್ಣಿನ ಕ್ಯಾಂಡಿ. ಎಡಿಸನ್ನಿನ ಓಕ್ ಟ್ರೀ ರಸ್ತೆಯ ನಮ್ಮ ಅಂಗಡಿಗಳಲ್ಲಿ ಮಾವಿನ ಪೆಪ್ಪರಮಿಂಟು, ಹಸಿಮಾವಿನ ಪೆಪ್ಪರಮಿಂಟು, ಪೇರಳೆಯದ್ದು ಎಲ್ಲ ಇವೆ. ಹಲಸಿನದ್ದನ್ನು ನಾನು ಕಂಡಿದ್ದು ಚೀನಾ, ವಿಯೆಟ್ನಾಂ, ಥಾಯ್ಲೆಂಡಿನ ಸಾಮಾನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ, ಡ್ಯೂರಿಯನ್ ಕ್ಯಾಂಡಿ ಮತ್ತು ಲಿಚಿ ಜೆಲ್ಲಿಗಳ ನಡುವೆ. ಹಳದಿ ಪೊಟ್ಟಣ. ಮೇಲೆ ಸೀಳಿದ ಹಣ್ಣಿನ ಚಿತ್ರ. ಒಳಗೆ ಒಂದೊಂದನ್ನೂ ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿದ ಮೆತ್ತನೆಯ ಚೌಕ ಬಿಲ್ಲೆಗಳು, ಒಂದೊಂದೂ ಸುಮಾರು ಐದು ಗ್ರಾಂ. ಜೆಲಾಟಿನ್ ಇಲ್ಲ ಎಂಬುದನ್ನು ಮೊದಲು ನೋಡಿಕೊಂಡೆ. ಸಸ್ಯಾಹಾರಿಗಳ ಮನೆಯಲ್ಲಿ ಲೇಬಲ್ ಓದುವುದು ಅಲ್ಲಿಂದಲೇ ಶುರು.

ಅಮೆರಿಕದ ಕಾನೂನಿನ ಪ್ರಕಾರ ಆಹಾರದ ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಯಾವುದು ಹೆಚ್ಚೋ ಅದು ಮೊದಲು. ಈ ಪೊಟ್ಟಣದಲ್ಲಿ ಮೊದಲು ಸಕ್ಕರೆ, ಆಮೇಲೆ ಗ್ಲೂಕೋಸ್ ಸಿರಪ್, ತಾಳೆಎಣ್ಣೆ, ಮರಗೆಣಸಿನ ಪಿಷ್ಟ, ಸಿಟ್ರಿಕ್ ಆಮ್ಲ, ಉಪ್ಪು. ಕೊನೆಗೆ ಕೃತಕ ಫ್ಲೇವರ್ ಮತ್ತು ಯೆಲ್ಲೋ 5 ಎಂಬ ಬಣ್ಣ. ಹಲಸು ಎಂಬ ಪದ ಪೊಟ್ಟಣದ ಮುಂದುಗಡೆ ಇದೆ, ಹಿಂದುಗಡೆ ಇಲ್ಲ. ‘ಕೃತಕ ಫ್ಲೇವರ್’ ಎಂಬ ಎರಡು ಪದಗಳೊಳಗೆ ಎಷ್ಟು ರಾಸಾಯನಿಕಗಳಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನು ಅದನ್ನು ಒಟ್ಟಾಗಿ ಬರೆಯಲು ಬಿಡುತ್ತದೆ. ಲಾಭನಷ್ಟದ ಪಟ್ಟಿಯಲ್ಲಿ ‘ಇತರೆ ಖರ್ಚು’ ಎಂಬ ಸಾಲಿದ್ದ ಹಾಗೆ. ಅನುಭವ ಇರುವ ಯಾವ ಲೆಕ್ಕಿಗರೂ ಮೊದಲು ಬೆರಳಿಡುವುದು ಆ ಸಾಲಿನ ಮೇಲೆ. ಇಲ್ಲಿಯೂ ಇಡೀ ಕ್ಯಾಂಡಿಯ ಸಾರ ಇರುವುದು ಆ ಸಾಲಿನಲ್ಲೇ.

ಹಾಗೆಂದು ಇದು ಮೋಸ ಎನ್ನಲಾಗದು. ಹಣ್ಣಿನ ಹೆಸರಿಟ್ಟುಕೊಂಡು ಕೃತಕ ಪರಿಮಳ ಹಾಕಿದ್ದರೆ ‘ಕೃತಕ’ ಎಂಬುದನ್ನೂ ಹಣ್ಣಿನ ಹೆಸರಿನ ಜೊತೆಗೇ, ಆ ಹೆಸರಿನ ಅಕ್ಷರಗಳ ಅರ್ಧದಷ್ಟಾದರೂ ಎತ್ತರದ ಅಕ್ಷರದಲ್ಲಿ ಹೇಳಬೇಕೆಂದು ಇಲ್ಲಿಯ ನಿಯಮ. ಅಂದರೆ ಓದಲು ಮನಸ್ಸಿದ್ದವರಿಗೆ ಸತ್ಯ ಅಲ್ಲೇ ಇದೆ. ಹಣ್ಣು ಇದೆಯೋ ಇಲ್ಲವೋ ಎಂಬ ಪ್ರಶ್ನೆ ಹೀಗೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹಣ್ಣಿಲ್ಲದೆ ಹಣ್ಣಿನ ಬಗ್ಗೆ ಇದು ಏನು ಹೇಳುತ್ತದೆ, ಹೇಳುವುದರಲ್ಲಿ ಎಷ್ಟು ನಿಜ ಎಂಬುದು ಉಳಿದ ಪ್ರಶ್ನೆ.

ರುಚಿ ನೋಡಿದೆ. ಕಾಗದ ಬಿಚ್ಚುವಾಗ ಬರುವ ಪರಿಮಳ ಅಚ್ಚರಿಯಾಗುವಷ್ಟು ಸರಿ. ಪುತ್ತೂರಿನ ಕಡೆಯ ಮನೆಗಳಲ್ಲಿ ಮೇ ತಿಂಗಳ ಕೊನೆಗೆ ಚಾವಡಿಯ ಮೂಲೆಯಲ್ಲಿ ಗೋಣಿಯ ಮೇಲಿಟ್ಟ ಹಲಸು ಹಣ್ಣಾಯಿತೆಂದು ಮನೆಯವರಿಗೆಲ್ಲ ತಿಳಿಸುತ್ತದಲ್ಲ, ಆ ಪರಿಮಳ. ಬಾಯಿಗೆ ಹಾಕಿದ ಹತ್ತು ಸೆಕೆಂಡು ಅದು ಹಾಗೆಯೇ ನಿಲ್ಲುತ್ತದೆ. ಆಮೇಲೆ ಸಕ್ಕರೆ ಮುಂದೆ ಬಂದು ಪರಿಮಳ ಹಿಂದೆ ಸರಿಯುತ್ತದೆ. ಸಿಟ್ರಿಕ್ ಆಮ್ಲದ ಸಣ್ಣ ಹುಳಿಯೊಂದು ಇಣುಕುತ್ತದೆ. ಹಲಸಿಗೆ ಆ ಹುಳಿ ಇಲ್ಲ, ಅದು ಬೇರೆ ಹಣ್ಣಿನಿಂದ ಎರವಲು ತಂದದ್ದು. ಕೊನೆಯಲ್ಲಿ ನಾಲಿಗೆಯ ಮೇಲೆ ಉಳಿಯುವುದು ಬಾಳೆಹಣ್ಣಿನ ಎಸೆನ್ಸಿನ ವಾಸನೆ. ಆರಂಭ ಚೆನ್ನಾಗಿದ್ದು ಮಧ್ಯದಲ್ಲಿ ಸೊರಗಿ ಕೊನೆಯಲ್ಲಿ ಇನ್ನಾರದೋ ಕತೆಯಾಗುವ ಸಣ್ಣಕತೆಗಳನ್ನು ನೀವು ಓದಿರುತ್ತೀರಿ. ಇದೂ ಹಾಗೆ.

ಕೊನೆಯ ಬಾಳೆಹಣ್ಣಿಗೆ ಕಾರಣ ಇದೆ. ಹಣ್ಣಾದ ಹಲಸಿನ ಪರಿಮಳವನ್ನು ಬಿಡಿಸಿ ನೋಡಿದವರಿಗೆ ಅದರಲ್ಲಿ ಎಸ್ಟರ್ ಎಂಬ ಗುಂಪಿನ ಹಲವಾರು ರಾಸಾಯನಿಕಗಳು ಸಿಕ್ಕಿವೆ. ಅವುಗಳಲ್ಲಿ ಒಂದು ಐಸೋಅಮೈಲ್ ಅಸಿಟೇಟ್. ಬಾಳೆಹಣ್ಣಿನ ಎಸೆನ್ಸು ಎಂದು ಬಾಟಲಿಯಲ್ಲಿ ಮಾರುವುದರ ಮುಖ್ಯ ದ್ರವ್ಯವೂ ಅದೇ. ಅದು ಅಗ್ಗ, ಮಾಡುವುದೂ ಸುಲಭ. ಇನ್ನೊಂದಿಷ್ಟು ಐಸೋವ್ಯಾಲರಿಕ್ ಆಮ್ಲದ ಎಸ್ಟರುಗಳು. ಹಲಸಿಗೆ ಹಲಸಿನ ಗುರುತು ಕೊಡುವುದರಲ್ಲಿ ಇವುಗಳ ಪಾಲು ದೊಡ್ಡದು. ತಮಾಷೆಯೆಂದರೆ ಐಸೋವ್ಯಾಲರಿಕ್ ಆಮ್ಲ ತಾನೊಂದೇ ಇದ್ದಾಗ ಬೆವರಿದ ಕಾಲುಚೀಲದ ಹಾಗೆ, ಹಳೆಯ ಚೀಸಿನ ಹಾಗೆ ನಾರುತ್ತದೆ. ಹಲಸಿನ ವಾಸನೆ ಒಬ್ಬರಿಗೆ ಪರಿಮಳ, ಪಕ್ಕದ ಮನೆಯವರಿಗೆ ಮೂಗು ಮುಚ್ಚುವಂಥದ್ದು ಎಂಬ ಹಳೆಯ ಜಗಳ ನೆನಪಾಗುತ್ತದೆ. ಕ್ಯಾಂಡಿ ಮಾಡಿದವರು ಈ ಜಗಳದ ಭಾಗವನ್ನು ಆದಷ್ಟು ಕತ್ತರಿಸಿ, ಎಲ್ಲರೂ ಒಪ್ಪುವ ಬಾಳೆಹಣ್ಣಿನ ಭಾಗವನ್ನು ಹೆಚ್ಚಿಸಿದ ಹಾಗಿದೆ.

ಈ ಕೆಲಸ ಮಾಡುವವರನ್ನು ಕೀಳಾಗಿ ನೋಡುವುದು ನ್ಯೂ ಜೆರ್ಸಿಯಲ್ಲಿರುವವರಿಗೆ ತರವಲ್ಲ. ಏಕೆಂದರೆ ಇದು ಈ ರಾಜ್ಯದ ಕುಲಕಸುಬು. ಅಮೆರಿಕದಲ್ಲಿ ಮಾರಾಟವಾಗುವ ಫ್ಲೇವರುಗಳ ಸುಮಾರು ಮೂರನೇ ಎರಡು ಭಾಗ ನ್ಯೂ ಜೆರ್ಸಿಯ ಕಂಪನಿಗಳಲ್ಲಿ ತಯಾರಾಗುತ್ತದೆ ಎಂದು ಎರಿಕ್ ಶ್ಲೋಸರ್ 2001ರಲ್ಲಿ ಬಂದ ತಮ್ಮ ‘ಫಾಸ್ಟ್ ಫುಡ್ ನೇಷನ್’ ಪುಸ್ತಕದಲ್ಲಿ ಬರೆದಿದ್ದಾರೆ. ನಾವು ದಿನಾ ಟೋಲ್ ಕಟ್ಟಿ ಓಡಾಡುವ ಟರ್ನ್‌ಪೈಕ್‌ನ ಆಸುಪಾಸಿನಲ್ಲೇ ಸ್ಟ್ರಾಬೆರಿ, ಅನಾನಸು, ಹುರಿದ ಕೋಳಿ ಎಲ್ಲವೂ ಬಾಟಲಿಗಳಲ್ಲಿ ಹುಟ್ಟುತ್ತವೆ.

ಹಣ್ಣಿನ ರುಚಿಯ ಚರಿತ್ರೆಯಲ್ಲಿ ಈ ರಾಜ್ಯಕ್ಕೆ ಇನ್ನೂ ಹಳೆಯ ಪಾಲಿದೆ. 1849ರಲ್ಲಿ ಮ್ಯಾಸಚೂಸೆಟ್ಸಿನ ಕಾಂಕರ್ಡ್ ಊರಿನಲ್ಲಿ ಎಫ್ರೇಮ್ ಬುಲ್ ಎಂಬಾತ ಕಪ್ಪು-ನೇರಳೆ ಬಣ್ಣದ ದ್ರಾಕ್ಷಿ ತಳಿಯೊಂದನ್ನು ಬೆಳೆಸಿದ. 1869ರಲ್ಲಿ ದಕ್ಷಿಣ ಜೆರ್ಸಿಯ ವೈನ್‌ಲ್ಯಾಂಡಿನಲ್ಲಿದ್ದ ಥಾಮಸ್ ವೆಲ್ಚ್ ಎಂಬ ದಂತವೈದ್ಯ ಆ ದ್ರಾಕ್ಷಿಯ ರಸವನ್ನು ಹುಳಿಯದಂತೆ ಕಾಯಿಸಿ ಬಾಟಲಿಗೆ ತುಂಬಿದ. ಚರ್ಚಿನ ಪ್ರಸಾದಕ್ಕೆ ವೈನಿನ ಬದಲು ಮದ್ಯವಿಲ್ಲದ ರಸ ಬೇಕೆಂಬುದು ಅವನ ಉದ್ದೇಶ. ಅಮೆರಿಕದವರಿಗೆ ದ್ರಾಕ್ಷಿಯ ರುಚಿ ಎಂದರೆ ಕಾಂಕರ್ಡಿನ ರುಚಿ ಎಂದಾಗಲು ಆ ರಸವೂ ಕಾರಣ. ಕಾಂಕರ್ಡಿನ ಗುರುತಿನ ವಾಸನೆ ಕೊಡುವ ಮೀಥೈಲ್ ಆಂಥ್ರಾನಿಲೇಟ್ ಎಂಬ ಒಂದೇ ದ್ರವ್ಯವನ್ನು ಆಮೇಲೆ ಕ್ಯಾಂಡಿಗೂ ಕೆಮ್ಮಿನ ಔಷಧಿಗೂ ಹಾಕಿದರು.

ಊರಿಂದ ಬಂದವರು ಇಲ್ಲಿಯ ನೇರಳೆ ಬಣ್ಣದ ‘ಗ್ರೇಪ್’ ಕ್ಯಾಂಡಿ ಮೊದಲ ಸಲ ತಿಂದಾಗ ಹೇಳುವ ಮಾತು ಒಂದೇ: “ಇದು ದ್ರಾಕ್ಷಿಯಾ? ಔಷಧಿ ಥರ ಇದೆ.” ಹಸಿರು ದ್ರಾಕ್ಷಿ, ಬೀಜವಿಲ್ಲದ್ದು, ಅದನ್ನೇ ಮನಸ್ಸಿನಲ್ಲಿಟ್ಟುಕೊಂಡರೆ ಹೌದು, ಇದು ಸುಳ್ಳು. ಆದರೆ ಕನ್ನಡನಾಡಿನವರ ಹತ್ತಿರ ಇನ್ನೊಂದು ಸಾಕ್ಷಿ ಇದೆ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು, ಕಾಂಕರ್ಡಿನ ಹಾಗೆಯೇ ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ಸಂಬಂಧಿ. ಗಟ್ಟಿ ಸಿಪ್ಪೆ, ಒಳಗೆ ಜಾರುವ ತಿರುಳು, ಬೀಜ, ಮತ್ತು ಆ ಘಾಟು ಪರಿಮಳ. ಅದನ್ನು ಒಮ್ಮೆ ಬಾಯಲ್ಲಿ ಒಡೆದು ಆಮೇಲೆ ನೇರಳೆ ಕ್ಯಾಂಡಿ ತಿಂದರೆ ಆ ಕ್ಯಾಂಡಿ ಏನೂ ಸುಳ್ಳು ಹೇಳುತ್ತಿಲ್ಲ, ನಮಗೆ ಗೊತ್ತಿಲ್ಲದ ಹಣ್ಣಿನ ಮಾತು ಹೇಳುತ್ತಿದೆ ಎಂದು ತಿಳಿಯುತ್ತದೆ. ‘ಕೃತಕ’ ಎಂದು ತಳ್ಳಿಹಾಕುವ ಮುಂಚೆ ಯಾವ ಹಣ್ಣಿನ ಕೃತಕ ಎಂದು ಕೇಳಬೇಕು.

ಹಲಸಿನ ಕ್ಯಾಂಡಿಗೆ ಇದೇ ಪ್ರಶ್ನೆ ಹಾಕಿದರೆ ಅದಕ್ಕೆ ಉತ್ತರ ಕೊಡಲಾಗುವುದಿಲ್ಲ. ಕಾಂಕರ್ಡ್ ಒಂದು ತಳಿ. ಒಂದು ಬಳ್ಳಿಯ ತುಂಡಿನಿಂದ ಲಕ್ಷಾಂತರ ಬಳ್ಳಿಗಳಾಗಿವೆ, ಎಲ್ಲದರ ರುಚಿಯೂ ಒಂದೇ. ನಮ್ಮ ಹಲಸು ತಲೆತಲಾಂತರದಿಂದ ಬೀಜದಿಂದ ಹುಟ್ಟಿದ ಮರ, ಪರಾಗ ಎಲ್ಲಿಂದಲೋ ಬಂದದ್ದು. ಹಾಗಾಗಿ ಮರಕ್ಕೊಂದು ಹಣ್ಣು. ಬಕ್ಕೆ, ತುಳುವೆ ಎಂಬ ಎರಡು ದೊಡ್ಡ ಜಾತಿ ಬಿಟ್ಟರೆ ಮಿಕ್ಕದ್ದೆಲ್ಲ ಮರದ ಹೆಸರಿನಲ್ಲೇ ಗುರುತು. ನನ್ನ ಅಜ್ಜಿಗೆ ‘ಹಲಸಿನ ರುಚಿ’ ಎಂಬ ಮಾತೇ ಇರಲಿಲ್ಲ. ಬಾವಿಕಟ್ಟೆಯ ಮರದ್ದು ಜೇನು, ಗುಡ್ಡೆಯದ್ದು ಹಪ್ಪಳಕ್ಕೆ ಮಾತ್ರ, ಹಟ್ಟಿಯ ಹಿಂದಿನದ್ದು ಗುಜ್ಜೆಯಲ್ಲೇ ಪಲ್ಯಕ್ಕೆ ಕೊಯ್ದರೆ ಒಳ್ಳೆಯದು, ಬೇಲಿಯಾಚೆಯದ್ದು ತುಳುವೆ, ಬೆರಟಿಗಾಯಿತು. ತುಮಕೂರು ಜಿಲ್ಲೆ ಚೇಳೂರಿನ ಒಂದೇ ಒಂದು ಕೆಂಪು ಸೊಳೆಯ ಮರವನ್ನು ಗುರುತಿಸಿ ‘ಸಿದ್ದು’ ಎಂದು ಹೆಸರಿಟ್ಟು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಅದರ ಕಸಿ ಗಿಡಗಳಿಗಾಗಿ ಆ ರೈತಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡಿತು. ಒಂದು ಮರಕ್ಕೆ ಇಷ್ಟು ಬೆಲೆ ಬರುವುದು ಅದರ ರುಚಿ ಇನ್ನೊಂದು ಮರದಲ್ಲಿ ಇಲ್ಲದ್ದರಿಂದ. ಕ್ಯಾಂಡಿಯ ಹಲಸು ಯಾವ ಮರದ್ದೂ ಅಲ್ಲದ ಸರಾಸರಿ ಹಲಸು. ಸರಾಸರಿ ಎಂಬುದು ಲೆಕ್ಕದಲ್ಲಿ ಉಪಯೋಗಕ್ಕೆ ಬರುತ್ತದೆ, ಆದರೆ ಸರಾಸರಿ ಹಲಸನ್ನು ಯಾರೂ ಕೊಯ್ದು ತಂದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಪೊಟ್ಟಣದ ಒಳಗಿದೆ. ಒಂದೊಂದು ಬಿಲ್ಲೆಯನ್ನೂ ಬೇರೆಬೇರೆಯಾಗಿ ಸುತ್ತಿದ್ದಾರೆ ಎಂದೆನಲ್ಲ, ಅದು. ಹಲಸು ಒಬ್ಬರು ತಿನ್ನುವ ಹಣ್ಣಲ್ಲ. ಹತ್ತು ಕಿಲೋ ಇಪ್ಪತ್ತು ಕಿಲೋ ತೂಗುವ ಹಣ್ಣನ್ನು ಮರದಿಂದ ಹಗ್ಗ ಕಟ್ಟಿ ಇಳಿಸಲು ಇಬ್ಬರು ಬೇಕು. ಕೊಯ್ಯಲು ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೊಂಡವರೊಬ್ಬರು, ಮೇಣ ಒರೆಸುವವರೊಬ್ಬರು, ಸೊಳೆ ಬಿಡಿಸುವವರು ನಾಲ್ಕು ಮಂದಿ. ಒಡೆದ ಮೇಲೆ ಇಟ್ಟರೆ ಕೆಡುತ್ತದೆ, ಆದ್ದರಿಂದ ನೆರೆಮನೆಗೆ ಕೊಡಲೇಬೇಕು. ಸಿಪ್ಪೆ, ಗೂಂಜು ಹಟ್ಟಿಯ ದನಗಳಿಗೆ. ಬೇಳೆ ಮಳೆಗಾಲದ ಸಾಂಬಾರಿಗೆ. ಉಳಿದ ತುಳುವೆ ಹಣ್ಣಿನ ರಸ ಬೆಲ್ಲದ ಜೊತೆ ಉರುಳಿಯಲ್ಲಿ ಗಂಟೆಗಟ್ಟಲೆ ಕಾದು ಬೆರಟಿಯಾಗುತ್ತದೆ. ಅದನ್ನು ಕೈಬಿಡದೆ ಮಗುಚುವುದಕ್ಕೂ ಸರದಿ. ಈ ಹಣ್ಣಿನ ಮೇಲಿನ ಬೇಸರವೂ ಅಷ್ಟೇ ನಿಜ: ಮೇಣ, ನೊಣ, ಹೊಟ್ಟೆನೋವು, ಮುಗಿಯದ ಕೆಲಸ. ಅದರಲ್ಲಿ ಹೆಚ್ಚಿನ ಪಾಲು ಹೆಂಗಸರದ್ದು. ಅಜ್ಜಿ ಬೆರಟಿ ಮಗುಚಿದ ತೋಳು ರಾತ್ರಿ ನೋಯುತ್ತಿತ್ತೆಂಬುದನ್ನು ಬಿಟ್ಟು ಬೆರಟಿಯನ್ನು ಹೊಗಳುವುದೂ ಸರಿಯಲ್ಲ.

ಕ್ಯಾಂಡಿ ಈ ಕೆಲಸವನ್ನೆಲ್ಲ ತೆಗೆದುಹಾಕಿದೆ. ಜೊತೆಗೆ, ಕೆಲಸದ ನೆಪದಲ್ಲಿ ಸೇರುತ್ತಿದ್ದ ಜನರನ್ನೂ ತೆಗೆದುಹಾಕಿದೆ. ಒಬ್ಬರಿಗೆ ಒಂದು, ಕಾಗದ ಸುತ್ತಿದ್ದು, ಯಾರ ಹತ್ತಿರವೂ ಕೇಳಬೇಕಾಗಿಲ್ಲ, ಯಾರಿಗೂ ಕೊಡಬೇಕಾಗಿಲ್ಲ. ವಾಸನೆ ಪಕ್ಕದ ಅಪಾರ್ಟ್‌ಮೆಂಟಿಗೆ ಹೋಗುವುದಿಲ್ಲ. ನಾವು ಈ ದೇಶದಲ್ಲಿ ಬದುಕುವ ರೀತಿಗೆ ಇದು ಎಷ್ಟು ಹೊಂದುತ್ತದೆಂದರೆ ನನಗೆ ಕ್ಯಾಂಡಿಯ ಮೇಲೆ ಸಿಟ್ಟು ಮಾಡುವುದೂ ಕಷ್ಟವಾಯಿತು.

ಹೋದ ವರ್ಷ ಆಗಸ್ಟಿನಲ್ಲಿ ನಾಲ್ಕು ಮನೆಯವರು ಸೇರಿ ಇಡೀ ಹಣ್ಣೊಂದನ್ನು ಕೊಂಡೆವು. ಇಲ್ಲಿಯ ಅಂಗಡಿಗಳಿಗೆ ತಾಜಾ ಹಲಸು ಬರುವುದು ಹೆಚ್ಚಾಗಿ ಮೆಕ್ಸಿಕೋದಿಂದ, ಅಲ್ಲಿಯ ಪೆಸಿಫಿಕ್ ಕರಾವಳಿಯ ನಾಯರಿತ್ ರಾಜ್ಯದಲ್ಲಿ ಅದನ್ನು ತೋಟವಾಗಿ ಬೆಳೆಯುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ರಟ್ಟು ಹಾಸಿ, ತೆಂಗಿನೆಣ್ಣೆ ಬಾಟಲಿ ಪಕ್ಕಕ್ಕಿಟ್ಟುಕೊಂಡು ಕೊಯ್ದೆವು. ತೂಗಿಯೂ ನೋಡಿದೆವು: 22 ಪೌಂಡಿನ ಹಣ್ಣಿನಲ್ಲಿ ಸೊಳೆ ಸಿಕ್ಕಿದ್ದು 7 ಪೌಂಡಿಗಿಂತ ತುಸು ಕಡಿಮೆ. ಲೆಕ್ಕದ ಪ್ರಕಾರ ಇದು ನಷ್ಟದ ವ್ಯಾಪಾರ. ದನ ಇಲ್ಲದ್ದರಿಂದ ಸಿಪ್ಪೆ ಕಸದ ಡಬ್ಬಕ್ಕೆ ಹೋಯಿತು. ಟಿಪ್ಟೂರಿನ ಗೆಳತಿ ಸೊಳೆ ಅಂದರೆ ತೊಳೆ ಎಂದಳು. ಧಾರವಾಡದವರು ಇದನ್ನು ಬಿಡಿಸುವುದು ನೋಡಿದ್ದೇ ಮೊದಲ ಸಲ ಎಂದರು. ಬೇಳೆಯನ್ನು ಯಾರು ಮನೆಗೆ ಒಯ್ಯಬೇಕೆಂದು ಚರ್ಚೆ ನಡೆಯಿತು.

ಹನ್ನೊಂದು ವರ್ಷದ ನನ್ನ ಮಗಳು ಹಲಸನ್ನು ಮೊದಲು ಅರಿತದ್ದು ಆ ಹಳದಿ ಪೊಟ್ಟಣದಿಂದ. ಊರಿಗೆ ನಾವು ಹೋಗುವುದು ಡಿಸೆಂಬರಿನಲ್ಲಿ. ಆಗ ಮರದಲ್ಲಿ ಹಣ್ಣು ಇರುವುದಿಲ್ಲ. ಗ್ಯಾರೇಜಿನಲ್ಲಿ ಒಂದು ಸೊಳೆ ಬಾಯಿಗಿಟ್ಟುಕೊಂಡು ತುಂಬ ಹೊತ್ತು ಅಗಿದಳು. “ಅಮ್ಮ, ಕ್ಯಾಂಡಿ ಥರಾನೇ ಇದೆ. ಆದ್ರೆ ಇದು ಮುಗಿಯೋದೇ ಇಲ್ಲ” ಎಂದಳು.

ಆ ಮಾತಿನ ಮೊದಲ ಅರ್ಧ ಕೇಳಿದ ನನ್ನ ಗೆಳತಿಯರಿಗೆ ಬೇಸರವಾಯಿತು. ಪಾಪ, ಈ ಮಕ್ಕಳಿಗೆ ನಕಲೇ ಅಸಲಾಯಿತಲ್ಲ ಎಂದರು. ನನಗೆ ಮುಖ್ಯವೆನಿಸಿದ್ದು ಎರಡನೆಯ ಅರ್ಧ. ಕ್ಯಾಂಡಿಯನ್ನು ಅಳತೆಗೋಲಾಗಿ ಇಟ್ಟುಕೊಂಡೇ ಅವಳು ಹಣ್ಣನ್ನು ಅಳೆದಳು, ಹಣ್ಣು ಆ ಕೋಲಿಗೆ ಸಿಗದೆ ಮುಂದೆ ಹೋಯಿತೆಂಬುದೂ ಅವಳಿಗೆ ತಿಳಿಯಿತು. ಗುರುತು ಇಲ್ಲದಿದ್ದರೆ ಆ ವಾಸನೆಗೆ ಅವಳು ಗ್ಯಾರೇಜಿನ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದಳು. ನಮ್ಮ ಗುಂಪಿನ ಇಬ್ಬರು ಮಕ್ಕಳು ಹಾಗೆಯೇ ಮಾಡಿದರು. ಐದು ಗ್ರಾಮಿನ ಬಿಲ್ಲೆ ಅಷ್ಟರಮಟ್ಟಿಗೆ ಒಂದು ಕೆಲಸ ಮಾಡಿತ್ತು. ಅದನ್ನು ಅದರ ಖಾತೆಗೆ ಜಮೆ ಮಾಡದಿದ್ದರೆ ಲೆಕ್ಕ ಸರಿಹೋಗುವುದಿಲ್ಲ.

ಹಣ್ಣಿನ ಹೆಸರಿನ ಪೆಪ್ಪರಮಿಂಟು ಬೇರೆ ರೀತಿಯಲ್ಲೂ ಇರಬಹುದು ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಒಂದು ನಮ್ಮ ನಿಂಬೆಹುಳಿ. ಸಣ್ಣ ತೊಳೆಯಾಕಾರದ ಆ ಪೆಪ್ಪರಮಿಂಟಿನಲ್ಲಿಯೂ ನಿಂಬೆಹಣ್ಣಿರಲಿಲ್ಲ, ಸಕ್ಕರೆ ಮತ್ತು ನಿಂಬೆ ಉಪ್ಪು ಅಷ್ಟೇ. ಆದರೆ ಅದರ ಹೆಸರು ನೋಡಿ: ನಿಂಬೆಯ ಹುಳಿ. ಹಣ್ಣನ್ನು ಕೊಡುತ್ತೇನೆ ಎಂದು ಅದು ಹೇಳಲೇ ಇಲ್ಲ. ಹುಳಿ ಕೊಡುತ್ತೇನೆ ಎಂದಿತು, ಕೊಟ್ಟಿತು. ಇಷ್ಟು ಪ್ರಾಮಾಣಿಕ ಹೆಸರನ್ನು ನಾನು ದೊಡ್ಡ ಕಂಪನಿಗಳ ವಾರ್ಷಿಕ ವರದಿಗಳಲ್ಲೂ ಅಪರೂಪವಾಗಿ ನೋಡಿದ್ದೇನೆ.

ಇನ್ನೊಂದು ಹುಣಸೆಯದ್ದು. ನ್ಯೂ ಬ್ರನ್ಸ್‌ವಿಕ್‌ನ ಫ್ರೆಂಚ್ ಸ್ಟ್ರೀಟಿನ ಮೆಕ್ಸಿಕನ್ ಅಂಗಡಿಗಳಲ್ಲಿ ಹುಣಸೆಯ ತಿರುಳು, ಸಕ್ಕರೆ, ಉಪ್ಪು, ಮೆಣಸಿನಪುಡಿ ಸೇರಿಸಿ ಒತ್ತಿದ ಬಿಲ್ಲೆ ಸಿಗುತ್ತದೆ. ಬಯಲುಸೀಮೆಯವರು ಒಮ್ಮೆ ಬಾಯಿಗಿಟ್ಟರೆ ಸಾಕು, “ಅಯ್ಯೋ, ಇದು ಹುಣಸೆ ಚಿಗಳಿ!” ಎನ್ನುತ್ತಾರೆ. ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಮೆಣಸಿನಕಾಯಿ ಕುಟ್ಟಿ ಉಂಡೆ ಮಾಡಿ ಕಡ್ಡಿಗೆ ಚುಚ್ಚಿ ಚೀಪುತ್ತಿದ್ದ ಅದೇ. ಹುಣಸೆ ಮೂಲದಲ್ಲಿ ಆಫ್ರಿಕದ ಮರ. ಅರಬರು ಅದನ್ನು ‘ಭಾರತದ ಖರ್ಜೂರ’ ಎಂದು ಕರೆದರು, ಟ್ಯಾಮರಿಂಡ್ ಎಂಬ ಹೆಸರು ಅಲ್ಲಿಂದ. ಸ್ಪೇನಿನವರ ಕಾಲದಲ್ಲಿ ಅದು ಮೆಕ್ಸಿಕೋ ಸೇರಿತು. ಎರಡು ದೇಶದವರು ಒಬ್ಬರನ್ನೊಬ್ಬರು ಕೇಳದೆ ಒಂದೇ ಮಿಠಾಯಿಗೆ ಬಂದು ನಿಂತದ್ದು ಹಣ್ಣಿನ ಗುಣದಿಂದ. ಸಿಹಿಯೂ ಟಾರ್ಟಾರಿಕ್ ಆಮ್ಲದ ಹುಳಿಯೂ ಒಟ್ಟಿಗೆ ಇರುವ ಆ ತಿರುಳು ಉಪ್ಪುಖಾರವನ್ನು ತಾನೇ ಕೇಳುತ್ತದೆ. ಈ ಬಿಲ್ಲೆಯಲ್ಲಿ ನಾರು ಹಲ್ಲಿಗೆ ಸಿಗುತ್ತದೆ. ತಿನ್ನುವವರಿಗೆ ಸ್ವಲ್ಪ ಕಷ್ಟ ಕೊಡುತ್ತದೆ. ಹಣ್ಣು ಒಳಗಿದೆ ಎಂಬುದಕ್ಕೆ ಆ ಕಷ್ಟವೇ ರುಜು.

ಹಾಗೆಂದು ನಿಜವಾದ ಹಣ್ಣು ಇದ್ದ ಮಾತ್ರಕ್ಕೆ ಎಲ್ಲ ಸರಿ, ರಾಸಾಯನಿಕ ಇದ್ದರೆ ಎಲ್ಲ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಹಾರಬಾರದು. ಮೆಕ್ಸಿಕೋದಿಂದ ಬರುತ್ತಿದ್ದ ಹುಣಸೆ ಮತ್ತು ಮೆಣಸಿನ ಕ್ಯಾಂಡಿಗಳಲ್ಲಿ ಸೀಸ ಸಿಕ್ಕಿದ್ದು ಈ ಶತಮಾನದ ಆರಂಭದಲ್ಲಿ ಇಲ್ಲಿ ದೊಡ್ಡ ಸುದ್ದಿಯಾಗಿತ್ತು. ಸರಿಯಾಗಿ ತೊಳೆಯದ ಮೆಣಸಿನಕಾಯಿಯ ಮಣ್ಣು, ಸೀಸದ ಹೊಳಪು ಕೊಟ್ಟ ಮಣ್ಣಿನ ಪುಟ್ಟ ಮಡಕೆಗಳು, ಕಾಗದದ ಮೇಲಿನ ಶಾಯಿ ಇವೆಲ್ಲ ಕಾರಣ. ಮಕ್ಕಳು ತಿನ್ನುವ ಕ್ಯಾಂಡಿಯಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 0.1 ಭಾಗ ಮೀರಬಾರದೆಂದು ಎಫ್‌ಡಿಎ 2006ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಮುಂಚೆ ಆ ಮಿತಿ 0.5 ಇತ್ತು. ತೋಟದಿಂದ, ಹೊಲದಿಂದ ಬಂದದ್ದಕ್ಕೂ ತಪಾಸಣೆ ಬೇಕು. ಪ್ರಯೋಗಾಲಯದ ಬಾಟಲಿಗೆ ಈ ಒಂದು ವಿಷಯದಲ್ಲಿ ಅನುಕೂಲ ಹೆಚ್ಚು: ಅದರಲ್ಲಿ ಏನು ಹಾಕಿದ್ದಾರೆಂದು ಹಾಕಿದವರಿಗೆ ಗೊತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಹೊರದೇಶದಲ್ಲಿ ಕೂತು ಕನ್ನಡದಲ್ಲಿ ಬರೆಯುವ ನಾವು ಊರಿನ ಬಗ್ಗೆ ಬರೆಯುವುದು ಬಹಳ. ಅದರಲ್ಲಿ ಎಷ್ಟೋ ಬರಹಗಳ ಮೊದಲ ಹತ್ತು ಸಾಲು ಈ ಕ್ಯಾಂಡಿಯ ಮೊದಲ ಹತ್ತು ಸೆಕೆಂಡಿನ ಹಾಗೆ ನಿಖರ. ಮಳೆಯ ಮೊದಲ ಹನಿ ಬಿದ್ದ ಮಣ್ಣಿನ ವಾಸನೆ, ಅಜ್ಜಿಯ ಸೀರೆ, ಮಲ್ಲಿಗೆ, ಹಬೆಯಾಡುವ ಇಡ್ಲಿ. ಆಮೇಲೆ ಸಕ್ಕರೆ. ಮೇಣ ಇಲ್ಲ, ನೊಣ ಇಲ್ಲ, ಬೇಲಿಯಾಚೆಯ ಮರದ ಹಣ್ಣು ಯಾರದೆಂಬ ಜಗಳ ಇಲ್ಲ, ಆ ಹಣ್ಣನ್ನು ಹೊತ್ತು ತಂದ ಆಳಿಗೆ ಎಷ್ಟು ಕೊಟ್ಟರೆಂಬುದು ಇಲ್ಲ. ಯಾವ ಊರಿನದ್ದೂ ಅಲ್ಲದ ಸರಾಸರಿ ಊರೊಂದು ಅಲ್ಲಿ ತಯಾರಾಗುತ್ತದೆ. ಊರಲ್ಲೇ ಇದ್ದು ಅದನ್ನು ಓದುವವರಿಗೆ ಕೊನೆಯಲ್ಲಿ ಎಸೆನ್ಸಿನ ವಾಸನೆ ಬರುವುದು ಸಹಜ. ಹಲಸಿನ ಬಗ್ಗೆ ದಶಕಗಳಿಂದ ಬರೆದ ಶ್ರೀ ಪಡ್ರೆ ಮತ್ತು ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಮಾಡಿದ್ದು ಇದಕ್ಕೆ ಎದುರಾದ ಕೆಲಸ. ಯಾವ ಮರ, ಯಾರ ಜಾಗದ್ದು, ಸೊಳೆಯ ಬಣ್ಣ ಏನು, ಹಪ್ಪಳಕ್ಕೆ ಬರುತ್ತದೋ ಇಲ್ಲವೋ, ಏನು ಬೆಲೆ ಸಿಕ್ಕಿತು ಎಂಬ ರೈತರ ಪ್ರಶ್ನೆಗಳನ್ನು ಹಿಡಿದು ಹೋಗುವ ಬರವಣಿಗೆ ಅದು. ನೆಲದಲ್ಲಿ ಕೊಳೆತುಹೋಗುತ್ತಿದ್ದ ಹಣ್ಣಿಗೆ ಮಾರುಕಟ್ಟೆ ಹುಡುಕುವುದರಲ್ಲಿ ಅಂಥ ಬರವಣಿಗೆಗೂ ಪಾಲಿದೆ. ನೆರೆಯ ಕೇರಳವಂತೂ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದೇ ಘೋಷಿಸಿತು.

ನಾವು ದೂರ ಇದ್ದೇವೆ, ಮರದ ಬುಡಕ್ಕೆ ಹೋಗಿ ನೋಡಲಾಗುವುದಿಲ್ಲ, ನೆನಪಿನಿಂದಲೇ ಬರೆಯಬೇಕು ಎಂಬುದು ನಿಜ. ನೆನಪೂ ಒಂದು ರೀತಿಯ ಎಸೆನ್ಸೇ. ಆದರೆ ನಿಂಬೆಹುಳಿಯ ಹಾಗೆ ನನ್ನ ಹತ್ತಿರ ಇರುವುದು ಹುಳಿ ಮಾತ್ರ ಎಂದು ಹೇಳಿ ಅಷ್ಟನ್ನೇ ಚೆನ್ನಾಗಿ ಕೊಡಬಹುದು. ಇಲ್ಲವೇ ಹುಣಸೆ ಬಿಲ್ಲೆಯ ಹಾಗೆ ಒಂದಿಷ್ಟು ನಾರನ್ನು ಉಳಿಸಿಕೊಳ್ಳಬಹುದು. ಗ್ಯಾರೇಜಿನಲ್ಲಿ ರಟ್ಟು ಹಾಸಿ ಕೊಯ್ದ ಮೆಕ್ಸಿಕೋದ ಹಲಸಿನ ಬಗ್ಗೆ, ಸೊಳೆಯೋ ತೊಳೆಯೋ ಎಂಬ ವಾದದ ಬಗ್ಗೆ, ಕಸದ ಡಬ್ಬಕ್ಕೆ ಹೋದ ಸಿಪ್ಪೆಯ ಬಗ್ಗೆ ಬರೆದರೆ ಅದು ನಮ್ಮ ಮರದ್ದೇ ಹಣ್ಣಾಗುತ್ತದೆ.

ಈಗ ತೀರ್ಪು. ಪರಿಮಳದಲ್ಲಿ ಈ ಕ್ಯಾಂಡಿ ಪಾಸು, ಅದೂ ಒಳ್ಳೆಯ ಅಂಕದಲ್ಲಿ. ರುಚಿಯಲ್ಲಿ ಅರ್ಧ. ಹಣ್ಣಿನ ಬಗ್ಗೆ ಹೇಳಬೇಕಾದದ್ದನ್ನು ಹೇಳಿದೆಯೇ ಎಂದರೆ ಇಲ್ಲ. ಆದರೆ ‘ಕೃತಕ’ ಎಂದು ಮುಂದೆಯೇ ಬರೆದುಕೊಂಡಿರುವುದರಿಂದ ಸುಳ್ಳು ಹೇಳಿದೆ ಎಂದೂ ಷರಾ ಬರೆಯಲಾರೆ. ಮಕ್ಕಳಿರುವ ಮನೆಗೆ ಒಂದು ಪೊಟ್ಟಣ ತರಬಹುದು. ತಂದವರು ಮುಂದಿನ ಬೇಸಿಗೆಯಲ್ಲಿ ನಾಲ್ಕು ಮನೆಯವರನ್ನು ಕೂಡಿಸಿ ಇಡೀ ಹಣ್ಣೊಂದನ್ನೂ ತರಬೇಕು; ತೆಂಗಿನೆಣ್ಣೆ ಸಾಕಷ್ಟು ಇಟ್ಟುಕೊಂಡಿರಿ, ಮೇಣ ಸಾಬೂನಿಗೆ ಹೋಗುವುದಿಲ್ಲ.